ಇಲಿ ಕೈಚೆಲ್ಲಿತು ಎಂದವರು ಯಾರು?

ಗಾಜಿನ ಒಂದು ಎತ್ತರದ ಜಾಡಿ. ಒಳಗೆ ನೀರು. ಬಿಳಿ ಇಲಿಯೊಂದನ್ನು ಬಾಲ ಹಿಡಿದು ಅದರೊಳಗೆ ಇಳಿಸುತ್ತಾರೆ. ಗೋಡೆ ನುಣುಪು, ಹತ್ತಲು ಹಿಡಿಯಿಲ್ಲ. ಕಾಲೂರಲು ತಳ ಸಿಗುವುದಿಲ್ಲ. ಮೊದಲ ಒಂದೆರಡು ನಿಮಿಷ ಇಲಿ ಸುತ್ತು ಹೊಡೆಯುತ್ತದೆ, ಗಾಜನ್ನು ಪರಚುತ್ತದೆ, ಒಮ್ಮೊಮ್ಮೆ ಮುಳುಗಿ ಕೆಳಗೆ ದಾರಿಯಿದೆಯೇ ಎಂದು ನೋಡಿ ಬರುತ್ತದೆ. ಆಮೇಲೆ ಅದರ ಓಡಾಟ ನಿಲ್ಲುತ್ತದೆ. ಮೂಗು ನೀರಿನ ಮೇಲಿರಲು ಎಷ್ಟು ಬೇಕೋ ಅಷ್ಟೇ ಕಾಲಾಡಿಸುತ್ತ ತೇಲುತ್ತದೆ. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತ ವಿದ್ಯಾರ್ಥಿ ಹೀಗೆ ತೇಲಿದ ಸೆಕೆಂಡುಗಳನ್ನು ಎಣಿಸುತ್ತಾನೆ. ಆರು ನಿಮಿಷದ ಪರೀಕ್ಷೆಯಲ್ಲಿ ಕೊನೆಯ ನಾಲ್ಕು ನಿಮಿಷ ಮಾತ್ರ ಲೆಕ್ಕಕ್ಕೆ. ಇಲಿಯನ್ನು ಎತ್ತಿ, ಒರೆಸಿ, ಪಂಜರಕ್ಕೆ ಬಿಟ್ಟು, ನೀರು ಬದಲಿಸಿ, ಮುಂದಿನ ಇಲಿಯನ್ನು ತೆಗೆದುಕೊಳ್ಳುತ್ತಾನೆ.

ಪುಸ್ತಕದಲ್ಲಿ ಬರೆದುಕೊಂಡದ್ದು ಒಂದು ಸಂಖ್ಯೆ: ಇಷ್ಟು ಸೆಕೆಂಡು ಅಲುಗಾಡಲಿಲ್ಲ. ಪ್ರಬಂಧ ಸಿದ್ಧವಾಗುವ ಹೊತ್ತಿಗೆ ಆ ಸಂಖ್ಯೆ ‘ಹತಾಶೆ’ಯಾಗಿರುತ್ತದೆ. ಇಲಿಗೆ ಮೊದಲೇ ಔಷಧಿಯ ಸೂಜಿ ಚುಚ್ಚಿದ್ದು, ಅದು ಇನ್ನಷ್ಟು ಹೊತ್ತು ಕಾಲು ಬಡಿದಿದ್ದರೆ, ಆ ಔಷಧಿ ಖಿನ್ನತೆಯ ಮೇಲೆ ಕೆಲಸ ಮಾಡುವ ಸಾಧ್ಯತೆ ಇದೆ ಎನ್ನುತ್ತಾರೆ. ಎಣಿಸಿದ್ದು ಒಂದು, ಹೇಳಿದ್ದು ಇನ್ನೊಂದು. ನಡುವೆ ನಡೆದದ್ದು ವಿಜ್ಞಾನವಲ್ಲ, ನಾಮಕರಣ. ಈ ನಾಮಕರಣಕ್ಕೆ ಈಗ ಐವತ್ತು ವರ್ಷ ಆಗುತ್ತ ಬಂದಿದೆ, ಲೆಕ್ಕವಿಲ್ಲದಷ್ಟು ಇಲಿಗಳು ಈ ಜಾಡಿಯಲ್ಲಿ ಈಜಿವೆ. ಆ ಹೆಸರನ್ನು ಕಿತ್ತುಹಾಕುವ ಕಾಲ ಯಾವತ್ತೋ ಬಂದಿತ್ತು.

1977ರಲ್ಲಿ ಫ್ರಾನ್ಸಿನ ಒಂದು ಔಷಧ ಪ್ರಯೋಗಾಲಯದಲ್ಲಿದ್ದ ರೋಜರ್ ಪೋರ್ಸೋಲ್ಟ್ ಮತ್ತು ಜೊತೆಗಾರರು ‘ನೇಚರ್’ ಪತ್ರಿಕೆಯಲ್ಲಿ ಚಿಕ್ಕದೊಂದು ಪ್ರಬಂಧ ಪ್ರಕಟಿಸಿದರು. ಮೊದಲ ದಿನ ಇಲಿಯನ್ನು 15 ನಿಮಿಷ ನೀರಿನಲ್ಲಿ ಬಿಡುವುದು. ಮರುದಿನ ಮತ್ತೆ 5 ನಿಮಿಷ. ಎರಡನೇ ದಿನ ಇಲಿ ಬೇಗ ತೇಲಲು ಶುರುಮಾಡುತ್ತದೆ. ನಡುವಿನ 24 ಗಂಟೆಯಲ್ಲಿ ಆಗ ಚಾಲ್ತಿಯಲ್ಲಿದ್ದ ಖಿನ್ನತೆಯ ಔಷಧಿ ಕೊಟ್ಟರೆ ತೇಲುವ ಹೊತ್ತು ಕಡಿಮೆಯಾಗುತ್ತದೆ. (ಕನ್ನಡದಲ್ಲಿ ಎಲ್ಲವೂ ಇಲಿಯೇ, ಪ್ರಯೋಗಾಲಯದಲ್ಲಿ ದೊಡ್ಡದು ರ‍್ಯಾಟ್, ಚಿಕ್ಕದು ಮೌಸ್. ಈ ಎರಡು ದಿನದ ಕ್ರಮ ದೊಡ್ಡದಕ್ಕೆ, ಮೊದಲು ಹೇಳಿದ ಆರು ನಿಮಿಷದ್ದು ಚಿಕ್ಕದಕ್ಕೆ.) ಇಷ್ಟು ಕಂಡದ್ದು ನಿಜ, ಉಪಯೋಗದ್ದೂ ಹೌದು. ಆದರೆ ಪ್ರಬಂಧದ ತಲೆಬರಹದಲ್ಲಿ ‘ಡಿಪ್ರೆಶನ್’ ಇತ್ತು, ಅದೇ ವರ್ಷದ ಇನ್ನೊಂದು ಪ್ರಬಂಧದ ತಲೆಬರಹದಲ್ಲಿ ‘ಡಿಸ್ಪೇರ್’. ಬಿಡುಗಡೆಯಿಲ್ಲ ಎಂದು ಇಲಿಗೆ ಅರ್ಥವಾಗಿದೆ, ಅದಕ್ಕೇ ಅದು ಕೈಚೆಲ್ಲಿದೆ ಎಂಬ ಓದು ಅಲ್ಲಿಂದ ಶುರುವಾಯಿತು. ಪರೀಕ್ಷೆಯ ಜೊತೆ ಅದರ ವ್ಯಾಖ್ಯಾನವೂ ಪೊಟ್ಟಣ ಕಟ್ಟಿಕೊಂಡು ಜಗತ್ತು ಸುತ್ತಿತು.

ಬಾವಿಯಲ್ಲಿ ಈಜು ಕಲಿತ ಯಾರನ್ನಾದರೂ ಕೇಳಿ ನೋಡಿ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ನೀರಿಗಿಳಿಸಿದ ಅಣ್ಣನೋ ಮಾವನೋ ಕಟ್ಟೆಯ ಮೇಲಿಂದ ಕೂಗುತ್ತಿದ್ದ ಮೊದಲ ಮಾತು, ‘ಸುಮ್ಮನೆ ಕೈಕಾಲು ಬಡೀಬೇಡ, ಮೈ ಸಡಿಲ ಬಿಡು’. ಬಡಿದಾಡುವವನು ಸುಸ್ತಾಗಿ ಮುಳುಗುತ್ತಾನೆ, ಸುಮ್ಮನಿದ್ದವನು ತೇಲುತ್ತಾನೆ. ಕನ್ನಡದ ಹುಡುಗನೊಬ್ಬ ಮೂರನೇ ದಿನ ತೇಲಲು ಕಲಿತರೆ ಅವನ ಮನೆಯವರು ಸಂತೋಷಪಡುತ್ತಾರೆ. ಇಲಿಯೊಂದು ಎರಡನೇ ದಿನಕ್ಕೇ ಕಲಿತರೆ ಅದಕ್ಕೆ ಖಿನ್ನತೆ.

ಇದು ಬರೀ ತಮಾಷೆಯ ಹೋಲಿಕೆಯಲ್ಲ. ನೆದರ್ಲೆಂಡ್ಸಿನ ಮಾರ್ಕ್ ಮೊಲೆಂಡೈಕ್ ಮತ್ತು ರಾನ್ ಡಿ ಕ್ಲೋಟ್ 2015ರಲ್ಲಿ ಬರೆದ ಪ್ರಬಂಧದ ವಾದ ಹೆಚ್ಚುಕಡಿಮೆ ಇದೇ: ತೇಲುವುದು ಪರಿಸ್ಥಿತಿಗೆ ಹೊಂದಿಕೊಂಡ ನಡವಳಿಕೆ, ಶಕ್ತಿ ಉಳಿಸುವ ಉಪಾಯ, ಅದರಲ್ಲಿ ಖಿನ್ನತೆಯನ್ನು ಓದಬಾರದು. ಪರಚಿ ಪ್ರಯೋಜನವಿಲ್ಲ ಎಂಬುದು ಮೊದಲ ದಿನವೇ ತಿಳಿದಿದೆ, ಕೊನೆಗೆ ಯಾರೋ ಬಂದು ಎತ್ತುತ್ತಾರೆ ಎಂಬುದೂ. ಮರುದಿನ ಅದನ್ನು ನೆನಪಿಟ್ಟುಕೊಂಡ ಇಲಿಯ ಬುದ್ಧಿಗೆ ರೋಗ ಎನ್ನುವುದಾದರೆ, ಮರೆತು ಮತ್ತೆ ಗಾಜು ಪರಚುವ ಇಲಿಯನ್ನು ಆರೋಗ್ಯವಂತ ಎನ್ನಬೇಕಾಗುತ್ತದೆ. ನೆನಪಿನ ಶಕ್ತಿ ಕೆಡಿಸುವ ಯಾವುದೇ ವಸ್ತುವಿಗೂ ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿ ತೆರೆದಿದೆ. ಚುರುಕು ಹೆಚ್ಚಿಸುವ ವಸ್ತುವಿಗಂತೂ ಹೆಬ್ಬಾಗಿಲೇ ಇದೆ. ಆಂಫೆಟಮೈನ್ ಕೊಟ್ಟರೆ ಇಲಿ ಹೆಚ್ಚು ಈಜುತ್ತದೆ, ಕೆಫೀನ್ ಕೊಟ್ಟರೂ ಈಜುತ್ತದೆ. ಹಾಗೆಂದು ಫಿಲ್ಟರ್ ಕಾಫಿಯನ್ನು ಮನೋವೈದ್ಯರ ಚೀಟಿಯಲ್ಲಿ ಬರೆಸುವ ಯೋಚನೆ ಯಾರಿಗೂ ಬಂದಿಲ್ಲ.

ಪ್ರಾಣಿಯ ಸುಮ್ಮನಿರುವಿಕೆಗೆ ಮನುಷ್ಯನ ಸಂಕಟದ ಹೆಸರಿಡುವ ಚಾಳಿ ಪೋರ್ಸೋಲ್ಟ್‌ನಿಂದ ಹುಟ್ಟಿದ್ದಲ್ಲ. 1957ರಲ್ಲಿ ಅಮೆರಿಕದ ಕರ್ಟ್ ರಿಕ್ಟರ್ ಕಾಡಿಲಿಗಳನ್ನು ನೀರಿಗೆ ಹಾಕಿ, ಅವು ಕೆಲವೇ ನಿಮಿಷಗಳಲ್ಲಿ ಸತ್ತದ್ದನ್ನು ಕಂಡು ಆಸೆ ಕಳೆದುಕೊಂಡು ಸತ್ತವು ಎಂಬ ಅರ್ಥದಲ್ಲಿ ಬರೆದ. ನಡುವೆ ಒಂದೆರಡು ಸಲ ಎತ್ತಿ ಬಿಟ್ಟ ಇಲಿಗಳು ಬಹಳ ಹೊತ್ತು ಈಜಿದವು ಎಂಬ ಭಾಗ ಇವತ್ತು ‘ಭರವಸೆಯ ಶಕ್ತಿ’ ಎಂಬ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ತಿರುಗುತ್ತಿದೆ, ಆತನನ್ನು ಹಾರ್ವರ್ಡ್ ಪ್ರೊಫೆಸರ್ ಮಾಡಿಕೊಂಡು. (ಆತ ಇದ್ದದ್ದು ಜಾನ್ಸ್ ಹಾಪ್ಕಿನ್ಸ್‌ನಲ್ಲಿ.) ಹ್ಯಾರಿ ಹಾರ್ಲೊ ಮರಿಕೋತಿಗಳನ್ನು ಒಂಟಿಯಾಗಿ ಕೂಡಿಹಾಕಿದ ಉಪಕರಣಕ್ಕೆ ‘ಹತಾಶೆಯ ಗುಂಡಿ’ ಎಂದೇ ಹೆಸರಿಟ್ಟಿದ್ದ. ಫಲಿತಾಂಶ ಬರುವ ಮೊದಲೇ ಉಪಕರಣಕ್ಕೆ ಫಲಿತಾಂಶದ ಹೆಸರು.

ಇವುಗಳಲ್ಲಿ ಹೆಚ್ಚು ಪಾಠ ಕಲಿಸುವುದು ನಾಯಿಗಳ ಕಥೆ. 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್, ಸ್ಟೀವನ್ ಮೇಯರ್ ಮತ್ತು ಜೊತೆಗಾರರು ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ತಪ್ಪಿಸಿಕೊಳ್ಳುವ ದಾರಿ ತೆರೆದಿಟ್ಟರೂ ಬಹಳಷ್ಟು ನಾಯಿಗಳು ಬಿದ್ದಲ್ಲೇ ಬಿದ್ದಿದ್ದವು. ‘ಕಲಿತ ಅಸಹಾಯಕತೆ’ ಎಂಬ ಮಾತು ಹುಟ್ಟಿತು. ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ನಾಯಿಗಳು ಕಲಿತುಬಿಟ್ಟವು ಎಂದು ಅದರರ್ಥ. ಆ ಮಾತು ಮನೋವಿಜ್ಞಾನದ ಪಠ್ಯಪುಸ್ತಕದಿಂದ ಹೊರಟು ಶಾಲೆ, ಮದುವೆ, ಬಡತನ ಎಲ್ಲದರ ವಿವರಣೆಗೂ ಹೋಗಿ ಕೂತಿತು. 2016ರಲ್ಲಿ, ಸುಮಾರು ಐವತ್ತು ವರ್ಷಗಳ ನಂತರ, ಮೇಯರ್ ಮತ್ತು ಸೆಲಿಗ್ಮನ್ ಇಬ್ಬರೂ ಸೇರಿ ತಮ್ಮದೇ ವಿವರಣೆ ತಲೆಕೆಳಗಾಗಿತ್ತು ಎಂದು ಬರೆದರು. ದೀರ್ಘ ಆಘಾತಕ್ಕೆ ಸುಮ್ಮನೆ ಬಿದ್ದಿರುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಿಲ್ಲ. ಪ್ರಾಣಿ ಕಲಿಯುವುದು ಹತೋಟಿ ಸಾಧ್ಯ ಎಂಬುದನ್ನು. ತಪ್ಪನ್ನು ಒಪ್ಪಿಕೊಂಡದ್ದಕ್ಕೆ ಅವರಿಬ್ಬರನ್ನು ಮೆಚ್ಚಲೇಬೇಕು. ಆದರೆ ‘ಕಲಿತ ಅಸಹಾಯಕತೆ’ ಇವತ್ತಿಗೂ ಪಾಠವಾಗುತ್ತಲೇ ಇದೆ. ಆಧಾರ ಕುಸಿದರೂ ಹೆಸರು ನಿಂತಿರುತ್ತದೆ.

ಖಿನ್ನತೆಯ ಔಷಧಿಗಳು ಇಲಿಯ ದೆಸೆಯಿಂದ ಸಿಕ್ಕವೆಂದು ಬಹಳ ಜನ ತಿಳಿದಿದ್ದಾರೆ. ನಡೆದದ್ದು ಹಾಗಲ್ಲ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯ ಕ್ಷಯರೋಗಿಗಳಿಗೆ ಐಪ್ರೊನಯಜಿಡ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಎದ್ದು ಲವಲವಿಕೆಯಿಂದ ಓಡಾಡತೊಡಗಿದರು. ಔಷಧಿ ಕೊಟ್ಟದ್ದು ಶ್ವಾಸಕೋಶಕ್ಕೆ, ಬದಲಾದದ್ದು ಮನಸ್ಸು. ಸ್ವಿಟ್ಜರ್ಲೆಂಡಿನ ಮುನ್‌ಸ್ಟರ್ಲಿಂಗೆನ್ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಒಂದು ಹೊಸ ವಸ್ತುವನ್ನು ಸ್ಕಿಜೋಫ್ರೇನಿಯಾಕ್ಕೆ ಪರೀಕ್ಷಿಸುತ್ತಿದ್ದ. ಅದಕ್ಕೆ ಪ್ರಯೋಜನವಾಗಲಿಲ್ಲ, ಖಿನ್ನತೆಯ ರೋಗಿಗಳಲ್ಲಿ ಮಾತ್ರ ಬದಲಾವಣೆ ಕಂಡಿತು. 1957ರಲ್ಲಿ ಆತ ಪ್ರಕಟಿಸಿದ ಆ ವಸ್ತುವೇ ಇಮಿಪ್ರಮಿನ್. ಎರಡೂ ಸಲ ಹೊಳೆದದ್ದು ರೋಗಿಯ ಮುಖ ನೋಡುತ್ತ, ಮಾತು ಕೇಳುತ್ತ ಕೂತ ವೈದ್ಯರಿಗೆ.

ಇಲಿ ಬಂದದ್ದು ಆಮೇಲೆ, ಅದಕ್ಕೂ ಭಾರತದ್ದೇ ಒಂದು ಗಿಡದ ನಂಟಿದೆ. ಸರ್ಪಗಂಧದ ಬೇರನ್ನು ಹುಚ್ಚಿಗೂ ನಿದ್ದೆಗೂ ಕೊಡುವುದು ಇಲ್ಲಿ ಹಳೆಯ ರೂಢಿ. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ರಿಸರ್ಪಿನ್ ಚುಚ್ಚಿದ ಇಲಿ ಬೆನ್ನು ಬಾಗಿಸಿ, ರೆಪ್ಪೆ ಇಳಿಬಿಟ್ಟು ಮಂಕಾಗಿ ಕೂರುತ್ತದೆ. ಇಮಿಪ್ರಮಿನ್ ಕೊಟ್ಟರೆ ಆ ಮಂಕು ಹರಿಯುತ್ತದೆ. ಇದನ್ನೇ ಹೊಸ ಔಷಧಿ ಹುಡುಕುವ ಜರಡಿ ಮಾಡಿಕೊಂಡರು. ಪೋರ್ಸೋಲ್ಟ್‌ನ ಜಾಡಿ ಅದರ ಮುಂದಿನ, ಇನ್ನೂ ಅಗ್ಗದ ಜರಡಿ. ಮನುಷ್ಯರಲ್ಲಿ ಕೆಲಸ ಮಾಡಿದ ಔಷಧಿಯನ್ನು ಇಲಿಗೆ ಕೊಟ್ಟು, ಇಲಿ ಏನು ಮಾಡುತ್ತದೆಂದು ನೋಡಿ, ಅದನ್ನೇ ಮಾಡಿಸುವ ಇನ್ನೊಂದು ವಸ್ತು ಹುಡುಕಿದರೆ ಸಿಗುವುದು ಏನು? ಮೊದಲಿನದರ ತಮ್ಮ, ತಂಗಿ, ಚಿಕ್ಕಪ್ಪನ ಮಗ. ಬೇರೆ ಮನೆತನದ ಔಷಧಿ ಈ ಜರಡಿಗೆ ಕಾಣುವುದೇ ಇಲ್ಲ.

ಕಾಣಲಿಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ. ಫ್ಲುಆಕ್ಸೆಟಿನ್ ಮಾದರಿಯ ಔಷಧಿಗಳು ಬಂದಾಗ ಮೂಲ ಪರೀಕ್ಷೆ ಅವನ್ನು ಸರಿಯಾಗಿ ಗುರುತಿಸಲಿಲ್ಲ. ಜಗತ್ತಿನಲ್ಲಿ ಕೋಟ್ಯಂತರ ಜನ ನುಂಗುತ್ತಿರುವ ಗುಂಪಿನ ಔಷಧಿಯೇ ಪರೀಕ್ಷೆಯಲ್ಲಿ ತಡವರಿಸಿತು. ಪರೀಕ್ಷೆ ತಪ್ಪು ಎನ್ನುವ ಬದಲು ಅಂಕ ಕೊಡುವ ಕ್ರಮ ಬದಲಿಸಿದರು. 1995ರ ಸುಮಾರಿಗೆ ನೀರಿನ ಆಳ ಹೆಚ್ಚಿಸಿ, ಇಲಿಯ ಚಲನೆಯನ್ನು ‘ಹತ್ತುವುದು’, ‘ಈಜುವುದು’ ಎಂದು ಬೇರೆಬೇರೆ ಎಣಿಸಿದ ಮೇಲೆ ಅವೂ ಪಾಸಾದವು. ಉತ್ತರ ಗೊತ್ತಿದ್ದು ಪ್ರಶ್ನೆಪತ್ರಿಕೆ ತಿದ್ದುವುದಕ್ಕೆ ಏನೆನ್ನುತ್ತಾರೆ ಎಂಬುದು ಪರೀಕ್ಷೆ ಬರೆದ ಎಲ್ಲರಿಗೂ ಗೊತ್ತು.

ಇನ್ನೊಂದು ತೊಡಕು ಕಾಲದ್ದು. ಇಲಿಗೆ ಚುಚ್ಚುವುದು ಒಂದು ದಿನದಲ್ಲಿ ಮೂರು ಸಲ, ಕೊನೆಯದು ಪರೀಕ್ಷೆಗೆ ಒಂದು ಗಂಟೆ ಮೊದಲು; ಫಲ ಅಲ್ಲೇ. ಮನುಷ್ಯರಲ್ಲಿ ಅದೇ ಔಷಧಿ ಪೂರ್ತಿ ಹತ್ತಲು ವಾರಗಳು ಬೇಕು. ಮೊದಲ ಮಾತ್ರೆ ನುಂಗಿ, ಏನೂ ಆಗಲಿಲ್ಲವೆಂದು ಹತ್ತನೇ ದಿನ ಬಿಟ್ಟುಬಿಡುವ ರೋಗಿಯನ್ನು ‘ಇನ್ನೂ ಸ್ವಲ್ಪ ದಿನ ತಗೊಳ್ಳಿ’ ಎಂದು ಒಪ್ಪಿಸುವುದರಲ್ಲೇ ವೈದ್ಯರ ಅರ್ಧ ಶ್ರಮ ಹೋಗುತ್ತದೆ. ಒಂದೇ ದಿನದಲ್ಲಿ ಇಲಿಯೊಳಗೆ ಆದದ್ದು ಮತ್ತು ಆರು ವಾರದಲ್ಲಿ ಆ ರೋಗಿಯೊಳಗೆ ಆದದ್ದು ಒಂದೇ ಎಂದು ನಂಬಲು ಕಾರಣವೇನು?

ಇಲ್ಲಿ ಒಂದು ಮಾತು ಖಚಿತವಾಗಿ ಹೇಳಬೇಕು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಔಷಧಿಗಳ ಮೇಲಿನ ನಂಬಿಕೆ ನಿಂತಿರುವುದು ಮನುಷ್ಯರ ಮೇಲೆ ನಡೆದ ಪ್ರಯೋಗಗಳ ಮೇಲೆ. 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಶ್ಲೇಷಣೆಯೊಂದು 522 ಪ್ರಯೋಗಗಳನ್ನು, 1,16,477 ಜನರ ಮಾಹಿತಿಯನ್ನು ಒಟ್ಟುಮಾಡಿ ನೋಡಿತು, 21 ಔಷಧಿಗಳಲ್ಲಿ ಪ್ರತಿಯೊಂದೂ ಹುಸಿಮಾತ್ರೆಗಿಂತ ಮೇಲು ಎಂದು ಕಂಡಿತು, ಅಂತರ ಬಹಳ ದೊಡ್ಡದಲ್ಲದಿದ್ದರೂ. ತಕರಾರು ಇರುವುದು ಮಾತ್ರೆಯ ಮೇಲಲ್ಲ, ಜಾಡಿಯ ಮೇಲೆ. ಅಷ್ಟೇ ಅಲ್ಲ, ಈ ಮಾತ್ರೆಗಳಿಂದ ಪ್ರಯೋಜನ ಕಾಣದ ರೋಗಿಗಳು ಬಹಳ ಇದ್ದಾರೆ. ಅವರಿಗೆ ಬೇಕಾದದ್ದು ಬೇರೆ ಮನೆತನದ ಔಷಧಿ. ಹಳೆಯದರ ತಮ್ಮಂದಿರನ್ನೇ ಹುಡುಕುವ ಜರಡಿಯಿಂದ ಹೆಚ್ಚು ನಷ್ಟವಾದದ್ದು ಅವರಿಗೆ.

ಜಾಡಿಯ ಪರವಾಗಿ ಮಾತಾಡುವವರ ಕೈಯಲ್ಲೂ ಒಳ್ಳೆಯ ಎಲೆಯೊಂದಿದೆ, ಮುಚ್ಚಿಡಬಾರದು. 1990ರಲ್ಲಿ ರಾಮೊನ್ ಟ್ರುಯಾಸ್ ಮತ್ತು ಫಿಲ್ ಸ್ಕೋಲ್ನಿಕ್ ಇದೇ ಪರೀಕ್ಷೆ ಬಳಸಿ, ಮಿದುಳಿನ ಎನ್‌ಎಂಡಿಎ ಗ್ರಾಹಕವನ್ನು ತಡೆಯುವ ವಸ್ತುಗಳು ಖಿನ್ನತೆಗೆ ಆಗಬಹುದು ಎಂದು ಬರೆದರು. 2000ದಲ್ಲಿ ಯೇಲ್‌ನ ವೈದ್ಯರು ಬೆರಳೆಣಿಕೆಯ ರೋಗಿಗಳಿಗೆ, ಅದೇ ಗ್ರಾಹಕದ ಮೇಲೆ ಕೆಲಸ ಮಾಡುವ ಕೆಟಮಿನ್ ಕೊಟ್ಟು ನೋಡಿದಾಗ ಕೆಲವೇ ದಿನಗಳಲ್ಲಿ ಚೇತರಿಕೆ ಕಂಡಿತು. ಬೇರೆ ಮನೆತನದ ಔಷಧಿ, ಇಲಿ ಮೊದಲೇ ಸುಳಿವು ಕೊಟ್ಟಿತ್ತು. ಒಪ್ಪೋಣ. ಆದರೆ ಹೌದೆಂದ ಒಂದು ಸಲವನ್ನು ಎತ್ತಿ ತೋರಿಸುವವರು, ಪ್ರಾಣಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತವುಗಳ ಪಟ್ಟಿಯನ್ನೂ ಪಕ್ಕದಲ್ಲಿಡಬೇಕು. ಅಪ್ರೆಪಿಟಂಟ್ ಮಾದರಿಯ ಔಷಧಿಗಳು ಗಿನಿಯಿಲಿ ಮರಿಗಳ ಮೇಲಿನ ಬೇರೊಂದು ಪರೀಕ್ಷೆಯಲ್ಲಿ ಪಾಸಾದವು, 1998ರ ಮೊದಲ ಸಣ್ಣ ಮಾನವ ಪ್ರಯೋಗದಲ್ಲೂ ಆಸೆ ಹುಟ್ಟಿಸಿದವು, ದೊಡ್ಡ ಪ್ರಯೋಗಗಳಲ್ಲಿ ಕೈಕೊಟ್ಟವು. ಅಪ್ರೆಪಿಟಂಟ್ ಇವತ್ತು ಬಳಕೆಯಾಗುತ್ತಿರುವುದು ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲು. ಒತ್ತಡದ ಹಾರ್ಮೋನುಗಳ ಮೂಲವನ್ನೇ ತಡೆಯಹೊರಟ ಸಿಆರ್‌ಎಫ್ ವಿರೋಧಿಗಳ ಗತಿಯೂ ಹೆಚ್ಚುಕಡಿಮೆ ಅದೇ. ಆಮೇಲೆ ಹಲವು ದೊಡ್ಡ ಕಂಪನಿಗಳು ಮಿದುಳಿನ ಔಷಧಿಗಳ ಸಂಶೋಧನೆಯನ್ನೇ ಮೊಟಕುಗೊಳಿಸಿದವು.

ಒತ್ತಡದ ವಿಷಯ ಬೇರೆ, ಅದನ್ನು ಖಿನ್ನತೆಯ ಜೊತೆ ಕಟ್ಟುವುದು ಬೇಡ. ನೀರಿಗೆ ಬಿದ್ದ ಇಲಿಗೆ ಒತ್ತಡವಾಗುತ್ತದೆ, ಅದರ ರಕ್ತದಲ್ಲಿ ಕಾರ್ಟಿಕೋಸ್ಟಿರಾನ್ ಏರುತ್ತದೆ. ಆ ಏರಿಕೆ ಮಿದುಳಿನಲ್ಲಿ ಏನು ಮಾಡುತ್ತದೆ ಎಂದು ನೋಡುವವನು ತಾನು ಅಳೆದದ್ದನ್ನೇ ಹೇಳುತ್ತಾನೆ. ಇಲಿಗೆ ಅಷ್ಟು ಕಷ್ಟ ಕೊಡಬೇಕೇ ಎಂಬ ಪ್ರಶ್ನೆ ಅಲ್ಲೂ ಇದೆ, ಸುಳ್ಳು ಹೆಸರಿನ ಪ್ರಶ್ನೆ ಇಲ್ಲ. ಪ್ರಾಣಿಪ್ರಯೋಗವೆಲ್ಲ ವ್ಯರ್ಥ ಎನ್ನುವ ಘೋಷಣೆಯವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ, ಪ್ರಯೋಗಾಲಯದವರು ಬೇಕೆಂದೇ ಮರೆಯುತ್ತಾರೆ.

ಅವರ ಮರೆವಿಗೆ ನೆರವಾಗುವುದು ಒಂದು ಪುಟ್ಟ ಪ್ರತ್ಯಯ. ಇಂಗ್ಲಿಷ್ ಪ್ರಬಂಧಗಳಲ್ಲಿ ‘ಆಂಟಿಡಿಪ್ರೆಸೆಂಟ್-ಲೈಕ್’, ‘ಡಿಪ್ರೆಶನ್-ಲೈಕ್’ ಎಂದು ಬರೆಯುತ್ತಾರೆ. ಈ ‘ಲೈಕ್’ ವಕೀಲರು ಕರಾರಿಗೆ ಸೇರಿಸುವ ಷರತ್ತಿನ ಹಾಗೆ. ಯಾರಾದರೂ ಪ್ರಶ್ನಿಸಿದರೆ ‘ಖಿನ್ನತೆ ಎಂದು ಎಲ್ಲಿ ಹೇಳಿದೆವು, ಖಿನ್ನತೆಯಂಥದು ಎಂದೆವಲ್ಲ’ ಎನ್ನಬಹುದು. ಯಾರೂ ಪ್ರಶ್ನಿಸದಿದ್ದರೆ ಪ್ರಬಂಧದ ಕೊನೆಯ ಪ್ಯಾರಾ ಹೊತ್ತಿಗೆ ‘ಲೈಕ್’ ತಾನಾಗಿಯೇ ಸವೆದುಹೋಗಿರುತ್ತದೆ. ಪತ್ರಿಕಾ ಪ್ರಕಟಣೆಗೆ ಅದು ದಾಟುವುದಿಲ್ಲ. ಕನ್ನಡಕ್ಕೆ ಬರುವಾಗ ಪೂರ್ತಿ ಬಿದ್ದುಹೋಗುತ್ತದೆ. ‘ಖಿನ್ನತೆ-ನಿವಾರಕದಂಥ ಪರಿಣಾಮ’ ಎಂದು ತಲೆಬರಹ ಕೊಡುವ ಉಪಸಂಪಾದಕರು ಯಾರಿದ್ದಾರೆ? ‘ಖಿನ್ನತೆಗೆ ಮದ್ದು’ ಎಂದರೆ ಎರಡು ಪದ, ಒಂದು ಕಾಲಂ. ಹಾಗೆ, ಪ್ಲಾಸ್ಟಿಕ್ ಡಬ್ಬಿಯ ನೀರಿನಲ್ಲಿ ಒಂದಿಷ್ಟು ಇಲಿಗಳು ಕೆಲವು ಸೆಕೆಂಡು ಹೆಚ್ಚು ಕಾಲು ಬಡಿದ ಸುದ್ದಿ, ನಿದ್ದೆಯಿಲ್ಲದೆ ಮೂರು ತಿಂಗಳು ಕಳೆದ ಮನೆಯೊಂದಕ್ಕೆ ಭರವಸೆಯಾಗಿ ತಲುಪುತ್ತದೆ.

ಭಾರತದ ಔಷಧಶಾಸ್ತ್ರದ ಕಾಲೇಜುಗಳಲ್ಲಿ ಇದು ಸ್ನಾತಕೋತ್ತರ ಪ್ರಬಂಧದ ಸಿದ್ಧ ಅಚ್ಚು. ಒಂದು ಗಿಡ ಆರಿಸಿ, ಸಾರ ತೆಗೆಯಿರಿ. ಆರಾರು ಇಲಿಗಳ ಗುಂಪು ಮಾಡಿ: ಒಂದಕ್ಕೆ ಬರೀ ನೀರು, ಒಂದಕ್ಕೆ ಇಮಿಪ್ರಮಿನ್, ಉಳಿದವಕ್ಕೆ ಸಾರ, ಬೇರೆಬೇರೆ ಪ್ರಮಾಣದಲ್ಲಿ. ನೀರಿಗೆ ಬಿಡಿ. ಜೊತೆಗೆ 1985ರಲ್ಲಿ ಬಂದ ಇನ್ನೊಂದು ಪರೀಕ್ಷೆ, ಅಂದರೆ ಬಾಲಕ್ಕೆ ಟೇಪ್ ಹಚ್ಚಿ ಆರು ನಿಮಿಷ ತಲೆಕೆಳಗಾಗಿ ನೇತುಹಾಕಿ, ಒದ್ದಾಡದೆ ಎಷ್ಟು ಹೊತ್ತು ಇದ್ದವು ಎಂದು ಎಣಿಸುವುದು. ಅಂಕಿಅಂಶ ಹಾಕಿ, ಸಾರಕ್ಕೆ ಖಿನ್ನತೆ-ನಿವಾರಕದಂಥ ಗುಣವಿದೆ ಎಂದು ಮುಗಿಸಿ. ಅಶ್ವಗಂಧ, ತುಳಸಿ, ಅರಿಶಿನ, ಬ್ರಾಹ್ಮಿ ಎಲ್ಲವೂ ಈ ಜಾಡಿ ಇಳಿದು ಬಂದಿವೆ. (ಮಲೆನಾಡಿನವರು ಬ್ರಾಹ್ಮಿ ಎಂದು ತಂಬುಳಿ ಮಾಡುವ ಒಂದೆಲಗ ಒಂದು ಗಿಡ, ಪ್ರಬಂಧಗಳಲ್ಲಿ ಹೆಚ್ಚಾಗಿ ಬರುವ ನೀರುಬ್ರಾಹ್ಮಿ ಇನ್ನೊಂದು. ಹೆಸರು ಒಂದಾದರೆ ವಸ್ತುವೂ ಒಂದೇ ಎಂಬ ನಂಬಿಕೆ ಇಲಿಯೊಂದಿಗೇ ನಿಲ್ಲುವುದಿಲ್ಲ.) ಮುಂದಿನ ಹೆಜ್ಜೆ ಇಡುವವರು ಕಡಿಮೆ. ಆ ಇಲಿಗಳಿಂದ ಯಾವ ರೋಗಿಗೂ ಏನೂ ಸಿಗಲಿಲ್ಲ. ಒಬ್ಬ ವಿದ್ಯಾರ್ಥಿಗೆ ಪದವಿ ಸಿಕ್ಕಿತು. ವಿದ್ಯಾರ್ಥಿಯನ್ನು ಬೈದು ಪ್ರಯೋಜನವಿಲ್ಲ. ಅಗ್ಗದ, ಬೇಗ ಮುಗಿಯುವ, ಮಾರ್ಗದರ್ಶಕರಿಗೆ ಗೊತ್ತಿರುವ, ಯಂತ್ರ ಬೇಡದ ಪರೀಕ್ಷೆ ಬೇರೆ ಯಾವುದಿದೆ?

ಬೇರೆ ಕಡೆ ಗಾಳಿ ಬದಲಾಗಿದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ, ಪ್ರಾಣಿಯನ್ನು ಮನುಷ್ಯನ ಮನೋರೋಗದ ‘ಮಾದರಿ’ ಎಂದು ಕರೆಯುವುದನ್ನೇ ಪ್ರೋತ್ಸಾಹಿಸುವುದಿಲ್ಲ ಎಂದು 2019ರಲ್ಲಿ ಧನಸಹಾಯ ಕೇಳುವವರಿಗೆ ತಿಳಿಸಿತು. 2023ರಲ್ಲಿ ಬ್ರಿಟನ್ ಸರ್ಕಾರದ ಸಲಹಾ ಸಮಿತಿ, ಈಜಿನ ಪರೀಕ್ಷೆಯನ್ನು ಖಿನ್ನತೆಯ ಮಾದರಿಯಾಗಿ ಬಳಸಬಾರದು ಎಂದಿತು. ಔಷಧಿ ಸೋಸಲು ಬಳಸುವುದಕ್ಕೆ ಮಾತ್ರ ಸ್ವಲ್ಪ ಜಾಗ ಬಿಟ್ಟಿತು. ಮರುವರ್ಷ ಆ ಸರ್ಕಾರ ಅದನ್ನು ಕ್ರಮೇಣ ಕೊನೆಗಾಣಿಸುವ ಉದ್ದೇಶ ಹೇಳಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಕಾನೂನು ತಂದು ನಿಷೇಧಿಸಿತು. ಪ್ರಾಣಿದಯಾ ಸಂಘಟನೆಗಳ ಒತ್ತಾಯದ ನಂತರ ಜಾನ್ಸನ್ ಅಂಡ್ ಜಾನ್ಸನ್, ರೋಶ್, ಅಬ್ವೀಯಂಥ ಕಂಪನಿಗಳು ತಾವು ಇನ್ನು ಬಳಸುವುದಿಲ್ಲ ಎಂದವು. ಲಾಭ ನೋಡುವ ಕಂಪನಿ ಅಷ್ಟು ಸುಲಭವಾಗಿ ಕೈಬಿಟ್ಟಿದೆ ಎಂದರೆ, ಆ ಜಾಡಿಯಿಂದ ಅದಕ್ಕೆ ಸಿಗುತ್ತಿದ್ದದ್ದು ಎಷ್ಟೆಂದು ಊಹಿಸಬಹುದು.

ಭಾರತದಲ್ಲಿ ನಿಷೇಧಕ್ಕೆ ಕಾಯಬೇಕಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಇರುವ, ಮೊದಲು ಸಿಪಿಸಿಎಸ್‌ಇಎ ಎನ್ನುತ್ತಿದ್ದ, ಈಗ ಸಿಸಿಎಸ್‌ಇಎ ಎಂಬ ಹೆಸರಿನ ಸಮಿತಿಯ ನಿಯಮದಂತೆ, ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಒಂದು ಪ್ರಾಣಿ ನೈತಿಕ ಸಮಿತಿ ಇರಬೇಕು. ಪ್ರಯೋಗ ಮಾಡುವವರು ಅದರ ಮುಂದೆ ‘ಫಾರ್ಮ್ ಬಿ’ ತುಂಬಿ ಇಡಬೇಕು: ಯಾವ ಪ್ರಾಣಿ, ಎಷ್ಟು, ಯಾಕೆ, ಬೇರೆ ದಾರಿಯಿಲ್ಲವೇ. ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಾಳಜಿಯುಳ್ಳ ಒಬ್ಬರು ಸದಸ್ಯರಿರಬೇಕು ಎಂಬುದೂ ನಿಯಮ. ನಿವೃತ್ತ ಮೇಷ್ಟ್ರೋ, ವಕೀಲರೋ, ಸಮಾಜಸೇವಕರೋ ಆಗಿರಬಹುದಾದ ಇವರು ಔಷಧಶಾಸ್ತ್ರದ ಪಾರಿಭಾಷಿಕಗಳ ಮುಂದೆ ಸುಮ್ಮನೆ ಕೂತು ಸಹಿ ಹಾಕಿ ಎದ್ದುಬರುವುದು ಸುಲಭ.

ಆದರೆ ಈ ವಿಷಯದಲ್ಲಿ ಪಾರಿಭಾಷಿಕ ಬೇಕಿಲ್ಲ, ಭಾಷೆ ಗೊತ್ತಿದ್ದರೆ ಸಾಕು. ಅರ್ಜಿಯಲ್ಲಿ ‘ಹತಾಶೆ’ ಎಂದು ಕಂಡಲ್ಲೆಲ್ಲ ಅದನ್ನು ಹೊಡೆದುಹಾಕಿ ‘ತೇಲಿದ ಸೆಕೆಂಡುಗಳು’ ಎಂದು ಬರೆಸಬಹುದು. ‘ಖಿನ್ನತೆಯ ಮಾದರಿ’ ಇದ್ದಲ್ಲಿ ‘ನೀರಿನ ಜಾಡಿ’ ಎಂದು ತಿದ್ದಿಸಬಹುದು. ಹಾಗೆ ತಿದ್ದಿದ ಅರ್ಜಿಯನ್ನು ಅರ್ಜಿದಾರರಿಂದಲೇ ಗಟ್ಟಿಯಾಗಿ ಓದಿಸಬೇಕು: ನಲವತ್ತೆಂಟು ಇಲಿಗಳು ಬೇಕು, ಅವನ್ನು ನೀರಿಗೆ ಬಿಟ್ಟು, ಈ ಗಿಡದ ಸಾರ ಕುಡಿದವು ಎಷ್ಟು ಸೆಕೆಂಡು ಕಡಿಮೆ ತೇಲುತ್ತವೆ ಎಂದು ನೋಡಬೇಕಾಗಿದೆ. ಆಮೇಲೆ ಸಮಿತಿ ಮತ ಹಾಕಲಿ.